ಬೈಕ್ ಜಿಪಿಎಸ್‌ಗೆ ವೈರ್ ಹೆಡ್‌ಸೆಟ್, ಮೈಕ್: ಗಾರ್ಮಿನ್ ಝೂಮೊ 660 ಜೊತೆ ಬಳಸಿ ನೋಡಿದ್ದು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ದಿನವಿಡೀ ಬೈಕ್ ಮೇಲೆ ಓಡಾಡಿ ಕೆಲಸ ಮಾಡುವವರಿಗೆ, ಅದರಲ್ಲೂ ಮಲೆನಾಡಿನ ಕಡೆಯವರಿಗೆ, ಹೆಲ್ಮೆಟ್ಟಿನೊಳಗೆ ಕೂರಿಸಿ ಜಿಪಿಎಸ್‌ಗೆ ಸಿಕ್ಕಿಸುವ ವೈರ್ ಹೆಡ್‌ಸೆಟ್ ಇವತ್ತಿಗೂ ಒಳ್ಳೆಯ ಆಯ್ಕೆ. ದಾರಿ ಹೇಳುವ ದನಿಗೆ ಪೂರ್ತಿ ಅಂಕ ಕೊಡುತ್ತೇನೆ. ಫೋನ್ ಮಾತಿಗೆ ಮುಕ್ಕಾಲು. ಹಾಡಿಗೆ ಅರ್ಧ. ಆದರೆ ಅಂಗಡಿಯಿಂದ ತಂದು ಸುಮ್ನೆ ಸಿಕ್ಕಿಸಿದರೆ ಇದು ಕೆಲಸ ಮಾಡುವುದಿಲ್ಲ. ಒಂದು ಸಂಜೆ ಕೂತು ವೈರ್ ಸುಲಿದು, ಬೆಸುಗೆ ಹಾಕಬೇಕು. ಆ ಕೆಲಸ ಎಷ್ಟು ಚೆನ್ನಾಗಿ ಆಗುತ್ತದೆ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನಾನು ಹಾಸನದವನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷಿನ್‌ಗಳ ಸರ್ವಿಸ್ ನನ್ನ ಕೆಲಸ. ಸಕಲೇಶಪುರ, ಮೂಡಿಗೆರೆ, ಕಳಸ, ಬಾಳೆಹೊನ್ನೂರು, ಕೊಪ್ಪ, ಎಲ್ಲ ಕಡೆಯೂ ಬೈಕಿನಲ್ಲೇ ಓಡಾಟ. ಬೈಕ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಹಳೆಯ 411 ಸಿಸಿಯದು. ಹಿಂದೆ ಎರಡು ಪೆಟ್ಟಿಗೆ. ಅದರ ತುಂಬ ಸ್ಪ್ಯಾನರ್, ಬೇರಿಂಗ್, ಬೆಲ್ಟ್.

ಮೈಕ್ ಯಾಕೆ ಬೇಕು ಅಂತ ಕೇಳಬಹುದು. ದಾರಿ ಕೇಳಿಸಿಕೊಳ್ಳುವುದಕ್ಕೆ ಸ್ಪೀಕರ್ ಸಾಕು ಅಲ್ವಾ? ನನಗೆ ಸಾಕಾಗುವುದಿಲ್ಲ. ಕೊಯ್ದ ಕಾಫಿ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು. ರಾಶಿ ಹಾಕಿ ಇಟ್ಟರೆ ಹಣ್ಣು ಬಿಸಿಯೇರಿ ಹುಳಿ ಬರುತ್ತದೆ, ಕಾಫಿಯ ರುಚಿಯೇ ಕೆಡುತ್ತದೆ. ಹಾಗಾಗಿ ಸೀಸನ್‌ನಲ್ಲಿ ಮಿಷಿನ್ ನಿಂತರೆ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ತಕ್ಷಣ ಫೋನ್ ಮಾಡುತ್ತಾರೆ. ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ.

"ಅಣ್ಣ, ಎಲ್ಲಿದೀರಾ? ಪಲ್ಪರ್ ನಿಂತ್ಬಿಟ್ಟಿದೆ."

"ಕೊಟ್ಟಿಗೆಹಾರ ಬಿಟ್ಟೆ. ಬೆಲ್ಟ್ ಹೋಗಿದ್ಯಾ, ಬೇರಿಂಗಾ?"

"ಬೆಲ್ಟೇ ಅಣ್ಣ. ಹರಿದು ಬಿದ್ದಿದೆ."

"ಅದರ ಮೇಲೆ ನಂಬರ್ ಇರುತ್ತೆ, ನೋಡಿ ಹೇಳಿ."

ಆ ನಂಬರ್ ಬಿ 62 ಇರಬಹುದು, ಬಿ 68 ಇರಬಹುದು. ಅರವತ್ತೆರಡು, ಅರವತ್ತೆಂಟು. ಹೆಲ್ಮೆಟ್ ಒಳಗೆ ಗಾಳಿ ಗುಂಯ್ ಅನ್ನುವಾಗ ಈ ಎರಡೂ ಒಂದೇ ಥರ ಕೇಳುತ್ತವೆ. ತಪ್ಪು ಬೆಲ್ಟ್ ತಗೊಂಡು ಹೋದರೆ ಮತ್ತೆ ಮೂಡಿಗೆರೆಗೆ ಬಂದು ಹೋಗಬೇಕು. ಅಷ್ಟರಲ್ಲಿ ಕತ್ತಲಾಗಿರುತ್ತದೆ, ಹಣ್ಣು ಹಾಗೇ ಬಿದ್ದಿರುತ್ತದೆ. ಯಾವ ಹೆಡ್‌ಸೆಟ್ ಆದರೂ ನಾನು ಅಳೆಯುವುದು ಇದರಿಂದಲೇ: ಎರಡು ಮತ್ತು ಎಂಟರ ವ್ಯತ್ಯಾಸ ಕೇಳಿಸುತ್ತದೋ ಇಲ್ಲವೋ.

ಫೋನಿನಲ್ಲೇ ಮ್ಯಾಪ್ ಇರುವಾಗ ಬೇರೆ ಜಿಪಿಎಸ್ ಯಾಕೆ ಅನ್ನುವವರು ಇದ್ದಾರೆ. ಪೇಟೆಯಲ್ಲಿ ಓಡಾಡುವವರಿಗೆ ಅದು ಸರಿಯಾದ ಪ್ರಶ್ನೆ. ಹೊಸ ಹಿಮಾಲಯನ್ 450ರ ಗುಂಡು ಪರದೆಯಲ್ಲಿ ಗೂಗಲ್ ಮ್ಯಾಪೇ ಬರುತ್ತದೆ, ನೋಡಲು ಬಹಳ ಚೆಂದ. ಆದರೆ ಅದಕ್ಕೂ ಜೇಬಿನಲ್ಲಿರುವ ಫೋನೇ ಆಧಾರ. ನಮ್ಮ ಕಡೆ ಘಟ್ಟದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಳೆ ಹನಿ ಬಿದ್ದರೆ ಫೋನಿನ ಪರದೆ ತಾನಾಗೇ ಒತ್ತಿಕೊಳ್ಳುತ್ತದೆ. ಗ್ಲೌಸ್ ಹಾಕಿದ ಬೆರಳಿಗೆ ಅದು ಬಗ್ಗುವುದಿಲ್ಲ. ಇನ್ನೊಂದು ವಿಷಯ: ಬೈಕ್ ಎಂಜಿನ್ನಿನ ಕಂಪನ ತಾಗುವ ಹಾಗೆ ಹ್ಯಾಂಡಲ್‌ಗೆ ಫೋನ್ ಕಟ್ಟಿದರೆ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ನನಗೆ ಮಿಷಿನ್ನಿನ ಫೋಟೋ ತೆಗೆದು ಕಳಿಸಲು ಆ ಕ್ಯಾಮೆರಾ ಬೇಕು. ಹಾಗಾಗಿ ಫೋನ್ ಜಾಕೆಟ್ಟಿನ ಒಳಜೇಬಿನಲ್ಲಿ, ದಾರಿ ತೋರಿಸುವ ಕೆಲಸ ಝೂಮೊದ್ದು.

ಝೂಮೊ 660 ಹಳೆಯ ಮಾಡೆಲ್. 2009ರಲ್ಲಿ ಬಂದದ್ದು, ಈಗ ತಯಾರಾಗುತ್ತಿಲ್ಲ. ನಾನು ತಗೊಂಡದ್ದು ಸೆಕೆಂಡ್ ಹ್ಯಾಂಡ್. 4.3 ಇಂಚಿನ ಪರದೆ, 480x272 ಪಿಕ್ಸೆಲ್. ಈಗಿನ ಫೋನ್ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಒರಟಾಗಿ ಕಾಣುತ್ತದೆ. ಆದರೆ ಬಿಸಿಲಲ್ಲಿ ಓದಬಹುದು, ದಪ್ಪ ಗ್ಲೌಸಿನಲ್ಲೂ ಒತ್ತಬಹುದು. ನೀರು ತಡೆಯುವ ಮಟ್ಟ ಐಪಿಎಕ್ಸ್7, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ಬ್ಯಾಟರಿ ತೆಗೆದು ಬದಲಾಯಿಸಬಹುದು. ಮೈಕ್ರೋ ಎಸ್‌ಡಿ ಕಾರ್ಡ್ ಹಾಕಬಹುದು. ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಮ್ಯಾಪನ್ನು ನಾನು ಅದೇ ಕಾರ್ಡಿಗೆ ಹಾಕಿಕೊಂಡಿದ್ದೇನೆ. ಅದಕ್ಕೆ ಕಾಸಿಲ್ಲ. ಒಳರಸ್ತೆಗಳೂ ತಕ್ಕಮಟ್ಟಿಗೆ ಸಿಗುತ್ತವೆ. ಎಸ್ಟೇಟ್ ಗೇಟುಗಳನ್ನಂತೂ ನಾನೇ ಒಂದೊಂದಾಗಿ ಗುರುತು ಹಾಕಿ ಉಳಿಸಿಕೊಂಡಿದ್ದೇನೆ. ಕಾಫಿ ಗಿಡದ ಮಧ್ಯೆ ಎಡಕ್ಕೊಂದು ಬಲಕ್ಕೊಂದು ಮಣ್ಣುರಸ್ತೆ ಕವಲೊಡೆಯುವಲ್ಲಿ ಬೋರ್ಡ್ ಇರುವುದಿಲ್ಲ. ಅಲ್ಲಿ ಈ ಗುರುತೇ ದಾರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಜಿಪಿಎಸ್‌ಗೆ ತನ್ನದೇ ಸ್ಪೀಕರ್ ಇಲ್ಲ. ಕಾರಿಗೆ ಅಂತ ಕೊಡುವ ಮೌಂಟ್‌ನಲ್ಲಿ, ಅಂದರೆ ಜಿಪಿಎಸ್ ಕೂರಿಸುವ ಸ್ಟ್ಯಾಂಡಿನಲ್ಲಿ, ಸ್ಪೀಕರ್ ಇದೆ, ಬೈಕ್ ಮೌಂಟ್‌ನಲ್ಲಿ ಇಲ್ಲ. ಅಂದರೆ ಬೈಕ್ ಮೇಲೆ ದನಿ ಕೇಳಬೇಕಾದರೆ ಹೆಡ್‌ಸೆಟ್ ಬೇಕೇ ಬೇಕು. ಅದಕ್ಕೆ ಸರಿಯಾಗಿ ಬೈಕ್ ಮೌಂಟ್‌ನಲ್ಲಿ ಎರಡು ತೂತು ಕೊಟ್ಟಿದ್ದಾರೆ. ಸ್ಪೀಕರ್‌ಗೆ 3.5 ಮಿ.ಮೀ., ಮೈಕ್‌ಗೆ 2.5 ಮಿ.ಮೀ. ಇವು ಇರುವುದು ಮೌಂಟ್‌ನಲ್ಲಿ, ಜಿಪಿಎಸ್‌ನಲ್ಲಿ ಅಲ್ಲ. ಈ ಒಂದು ಯೋಚನೆಗೆ ನಾನು ಕೈ ಮುಗಿಯುತ್ತೇನೆ. ಎಸ್ಟೇಟಿನಲ್ಲಿ ಬೈಕ್ ನಿಲ್ಲಿಸಿ ಜಿಪಿಎಸ್ ತೆಗೆದು ಜೇಬಿಗೆ ಹಾಕಿಕೊಂಡು ಹೋಗಬಹುದು, ವೈರುಗಳು ಬೈಕಿನಲ್ಲೇ ಉಳಿಯುತ್ತವೆ. ಪ್ಲಗ್ ದಿನಾ ತೆಗೆದು ಹಾಕುವ ಕೆಲಸವಿಲ್ಲ, ಹಾಗಾಗಿ ತೂತು ಸಡಿಲವಾಗುವುದೂ ಇಲ್ಲ.

ಫೋನ್ ಮತ್ತು ಝೂಮೊ ನಡುವೆ ಮಾತ್ರ ಬ್ಲೂಟೂತ್. ಫೋನ್ ಬಂದಾಗ ಝೂಮೊ ಪರದೆಯಲ್ಲಿ ಹೆಸರು ಬರುತ್ತದೆ. ಒಂದು ಸಲ ಒತ್ತಿದರೆ ಮಾತು ವೈರಿನ ಮೂಲಕ ಕಿವಿಗೆ, ನನ್ನ ಮಾತು ಮೈಕಿನ ಮೂಲಕ ಅತ್ತ ಕಡೆಗೆ. ಹೆಲ್ಮೆಟ್ಟಿನಲ್ಲೂ ಬ್ಲೂಟೂತ್ ಸೆಟ್ ಹಾಕಬಹುದಿತ್ತು, ಝೂಮೊ ಅದಕ್ಕೂ ಒಪ್ಪುತ್ತದೆ. ನಾಲ್ಕು ಜನ ಗೆಳೆಯರು ಗುಂಪಾಗಿ ಹೋಗುವವರಿಗೆ, ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದವರಿಗೆ ನಾನೂ ಅದನ್ನೇ ಹೇಳುತ್ತೇನೆ. ನನ್ನ ಕೆಲಸಕ್ಕೆ ಅದು ಸರಿಹೋಗುವುದಿಲ್ಲ. ಬೆಳಗಿನ ಜಾವ ಹೊರಟು ರಾತ್ರಿ ಬರುವ ದಿನಗಳಲ್ಲಿ ಇನ್ನೊಂದು ಬ್ಯಾಟರಿಯ ಚಿಂತೆ ನನಗೆ ಬೇಡ. ವೈರಿಗೆ ಚಾರ್ಜ್ ಬೇಡ, ಪೇರಿಂಗ್ ಬೇಡ. ಸಿಕ್ಕಿಸಿದರೆ ಮಾತು, ತೆಗೆದರೆ ಮೌನ.

ಹೆಡ್‌ಸೆಟ್ ವಿಚಾರ. ಆನ್‌ಲೈನ್‌ನಲ್ಲಿ ಸಿಗುವ ಸಾಧಾರಣ ಹೆಲ್ಮೆಟ್ ಕಿಟ್ ಇದು. ಕಂಪನಿಯ ಹೆಸರು ಬೇಡ, ಇದೇ ಕಿಟ್ ಹತ್ತಾರು ಹೆಸರಲ್ಲಿ ಬರುತ್ತದೆ. ಚಪ್ಪಟೆಯಾದ 40 ಮಿ.ಮೀ. ಸ್ಪೀಕರ್ ಎರಡು, ಬಗ್ಗಿಸಬಹುದಾದ ಕಡ್ಡಿಯ ತುದಿಯಲ್ಲಿ ಮೈಕ್, ಅಂಟಿಸಲು ವೆಲ್ಕ್ರೋ. ದನಿ ಒಳ್ಳೆಯದಿದೆ, ಮಾತಿಗೆ ಬೇಕಾದ ಮಧ್ಯದ ಸ್ವರ ಸ್ಪಷ್ಟ. ಬಾಸ್ ಬಯಸುವವರಿಗೆ ನಿರಾಸೆ. ಇದರ ನಿಜವಾದ ದೋಷ ವೈರು. ಕಂಪನಿಯವರು ಕೊಟ್ಟ ವೈರ್ ಪ್ಲಗ್ಗಿನ ಕುತ್ತಿಗೆಯಲ್ಲೇ ಮುರಿಯುತ್ತದೆ. ನನ್ನದರಲ್ಲಿ ಬಲಗಿವಿಯ ದನಿ ಒಂದು ಮಳೆಗಾಲ ಕಳೆಯುವ ಮೊದಲೇ ಬಂದು ಹೋಗಿ ಮಾಡತೊಡಗಿತು. ಮೈಕಿನ ಮೇಲಿನ ಸ್ಪಂಜೂ ತೆಳು. ಮಾರಿದವರಿಗೆ ಬರೆದೆ, ವಾಪಸ್ ತಗೊಳ್ಳುವ ದಿನ ಮುಗಿದಿದೆ ಅಂದರು. ಅಷ್ಟು ಹೊತ್ತಿಗೆ ಆ ವೈರನ್ನು ಹೇಗೂ ಕತ್ತರಿಸಿ ಎಸೆಯುವುದೆಂದು ತೀರ್ಮಾನಿಸಿದ್ದೆ.

ಯಾಕೆಂದರೆ ಆ ಕಿಟ್‌ನ ಪ್ಲಗ್ ಫೋನಿನ ಲೆಕ್ಕದ್ದು. ತುದಿಯಿಂದ ಬುಡದವರೆಗೆ ನಾಲ್ಕು ಲೋಹದ ಭಾಗ, ನಡುವೆ ಮೂರು ಕಪ್ಪು ಗೆರೆ. ತುದಿ ಎಡ ಸ್ಪೀಕರ್, ಮುಂದಿನ ಉಂಗುರ ಬಲ ಸ್ಪೀಕರ್, ಅದರ ಮುಂದಿನದು ಗ್ರೌಂಡ್ (ಎಲ್ಲಕ್ಕೂ ಸೇರಿದ ಮೈನಸ್), ಬುಡ ಮೈಕ್. ಈಗಿನ ಫೋನ್ ಇಯರ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ಇದೇ ಕ್ರಮ. ಹಳೆಯ ಕೆಲವು ಫೋನುಗಳಲ್ಲಿ ಕೊನೆಯ ಎರಡು ಅದಲುಬದಲಾಗಿದ್ದವು. ಇದನ್ನು ಹಾಗೇ ಝೂಮೊದ 3.5 ತೂತಿಗೆ ಹಾಕಿದರೆ ಸ್ಪೀಕರ್ ಮಾತಾಡುತ್ತದೆ, ಆದರೆ ಮೈಕ್ ವೈರ್ ಹೋಗಿ ಗ್ರೌಂಡಿಗೆ ತಾಗುತ್ತದೆ, ಮೈಕ್ ಸತ್ತಂತೆ. ಪೇಟೆಯಲ್ಲಿ ಒಂದನ್ನು ಎರಡು ಮಾಡುವ ಸ್ಪ್ಲಿಟರ್ ಸಿಗುತ್ತದೆ. ಅದು ಕಂಪ್ಯೂಟರಿಗೆ ಮಾಡಿದ್ದು, ಎರಡೂ ಕಡೆ 3.5. ಮೈಕಿಗೆ 2.5 ಬೇಕಾದ್ದರಿಂದ ಅದರ ಮೇಲೆ ಇನ್ನೊಂದು ಅಡಾಪ್ಟರ್ ಹಾಕಬೇಕು. ಹೀಗೆ ಒಂದರ ಬಾಲಕ್ಕೊಂದು ಸಿಕ್ಕಿಸಿದ ಅಡಾಪ್ಟರುಗಳು ಮಣ್ಣುರಸ್ತೆಯ ಕುಲುಕಾಟದಲ್ಲಿ ನಿಲ್ಲುವುದಿಲ್ಲ. ಎರಡು ಹೊಸ ಪ್ಲಗ್ ತಂದು ಬೆಸುಗೆ ಹಾಕುವುದೇ ಸರಿ.

ಸಾಮಾನು ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. ಸಾದರ್ ಪತ್ರಪ್ಪ ರಸ್ತೆ ಅಂದರೆ ಯಾರೂ ತಟ್ಟನೆ ಹೇಳಲಾರರು, ಎಸ್.ಪಿ. ರೋಡ್ ಅಂದರೆ ಆಟೋದವರಿಗೂ ಗೊತ್ತು. ಒಳಗಿನ ಗಲ್ಲಿಯಲ್ಲಿ ಒಬ್ಬರು ಅಂಗಡಿಯವರು ಬರೀ ಪ್ಲಗ್, ಸಾಕೆಟ್, ವೈರ್ ಮಾರುತ್ತಾರೆ. ನಾನು 2.5 ಪ್ಲಗ್ ಕೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, "ಮೊನೋನಾ ಸ್ಟೀರಿಯೋನಾ?" ಮೈಕಿಗೆ ಅಂದೆ. ಪ್ಲಾಸ್ಟಿಕ್ ಮುಚ್ಚಳದ್ದನ್ನು ಪಕ್ಕಕ್ಕಿಟ್ಟು, ಹಿಂಬದಿ ಸ್ಪ್ರಿಂಗ್ ಇರುವ ಲೋಹದ್ದನ್ನು ಕೊಟ್ಟರು. "ಗಾಡಿಗೆ ಅಂದ್ರೆ ಇದೇ ತಗೊಳ್ಳಿ ಸಾರ್, ವೈರ್ ಮುರಿಯಲ್ಲ" ಅಂದರು. ಬೆಲೆ ಜಾಸ್ತಿ ಏನಲ್ಲ. ಸುರುಳಿ ವೈರು, ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯನ್ನು ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬು, ಎಲ್ಲ ಅವರಲ್ಲೇ ಸಿಕ್ಕಿತು. ಗೊತ್ತಿರುವವರು ಗೊತ್ತಿರುವ ಹಾಗೆ ವ್ಯಾಪಾರ ಮಾಡುವ ಇಂಥ ಅಂಗಡಿಗಳು ಉಳಿಯಬೇಕು ಅಂತ ನನಗೆ ನಿಜವಾಗಿ ಅನಿಸುತ್ತದೆ. ಫೋಟೋ ನೋಡಿ ಆರ್ಡರ್ ಮಾಡಿದರೆ ಆ ಒಂದು ಪ್ರಶ್ನೆ ಕೇಳುವವರು ಯಾರು?

ಬೆಸುಗೆ ಕೆಲಸದಲ್ಲಿ ಒಂದು ಗುಟ್ಟಿದೆ, ಅದನ್ನು ಬಿಡಿಸಿ ಹೇಳಬೇಕು. ಇಂಥ ಹೆಡ್‌ಸೆಟ್ ವೈರನ್ನು ಸುಲಿದರೆ ಒಳಗೆ ಕಾಣುವುದು ಮಾಮೂಲಿ ತಾಮ್ರದ ಎಳೆ ಅಲ್ಲ. ಕೂದಲಿನಷ್ಟು ತೆಳುವಾದ ಎಳೆಗಳ ಗೊಂಚಲು. ಒಂದು ಕೆಂಪು, ಒಂದು ಹಸಿರು ಅಥವಾ ನೀಲಿ, ಒಂದೆರಡು ತಾಮ್ರದ ಬಣ್ಣದವು. ಮಧ್ಯೆ ಬಿಳಿ ನೂಲು ಬೇರೆ ಇರುತ್ತದೆ, ಜಗ್ಗಿದರೆ ಹರಿಯದಿರಲಿ ಅಂತ. ಆ ಬಣ್ಣ ಬರೀ ಬಣ್ಣವಲ್ಲ, ಎಳೆಯ ಮೇಲೆ ಬಳಿದ ವಾರ್ನಿಷ್. ಅದೇ ಇನ್ಸುಲೇಷನ್. ಅದು ಹೋಗದೆ ಬೆಸುಗೆಯ ಸೀಸ ಕೂರುವುದಿಲ್ಲ. ಮೇಲೆ ಉಂಡೆ ಕಟ್ಟುತ್ತದೆ, ಅಂಟಿದ ಹಾಗೆ ಕಾಣುತ್ತದೆ, ಆದರೆ ಕರೆಂಟ್ ಹಾಯುವುದಿಲ್ಲ. ಬ್ಲೇಡಿನಿಂದ ಕೆರೆದರೆ ಎಳೆ ತುಂಡಾಗುತ್ತದೆ. ನಾನು ಮಾಡುವುದು ಹೀಗೆ. ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಒಂದು ಹನಿ ಸೀಸ ಕರಗಿಸಿ ಹಿಡಿಯುವುದು. ಎಳೆಗಳ ಗೊಂಚಲನ್ನು ಫ್ಲಕ್ಸಿಗೆ (ಸೀಸ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟು) ಅದ್ದಿ ಆ ಹನಿಯೊಳಗೆ ಇಡುವುದು. ಮೊದಲು ಸಣ್ಣಗೆ ಹೊಗೆ ಬರುತ್ತದೆ, ವಾರ್ನಿಷ್ ಸುಡುವ ವಾಸನೆ. ನಿಧಾನವಾಗಿ ಎಳೆದುಕೊಂಡರೆ, ಎಲ್ಲಿಯವರೆಗೆ ಮುಳುಗಿತ್ತೋ ಅಲ್ಲಿಯವರೆಗೆ ಬೆಳ್ಳಿಯ ಬಣ್ಣ ಬಂದಿರುತ್ತದೆ. ಬರದಿದ್ದರೆ ಇನ್ನೊಮ್ಮೆ. ಆ ಹೊಗೆ ಮೂಗಿಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿಟ್ಟು ಮಾಡಿ. ನೂಲನ್ನು ಮಾತ್ರ ಕತ್ತರಿಸಬೇಡಿ. ಅದನ್ನು ಪ್ಲಗ್ಗಿನ ಹಿಂಬದಿಯ ಹಿಡಿಗೆ ಗಂಟು ಹಾಕಿದರೆ ಜಗ್ಗುವ ಭಾರವನ್ನೆಲ್ಲ ಅದೇ ಹೊರುತ್ತದೆ, ಬೆಸುಗೆಗೆ ಪೆಟ್ಟು ಬೀಳುವುದಿಲ್ಲ.

ಬಣ್ಣ ನಂಬಿ ಜೋಡಿಸಲೂಬಾರದು. ಸಾಮಾನ್ಯವಾಗಿ ಕೆಂಪು ಬಲಗಿವಿ, ಹಸಿರು ಎಡಗಿವಿ, ತಾಮ್ರದ್ದು ಗ್ರೌಂಡ್. ಆದರೆ ಕಿಟ್ ಮಾಡುವವರು ಅವರವರಿಗೆ ಬೇಕಾದ ಹಾಗೆ ಮಾಡಿರುತ್ತಾರೆ. ಹಳೆಯ ಪ್ಲಗ್ ಎಸೆಯುವ ಮೊದಲು ಅದರ ನಾಲ್ಕು ಭಾಗಕ್ಕೂ ಮಲ್ಟಿಮೀಟರ್ ಮುಟ್ಟಿಸಿ, ಯಾವ ಎಳೆಗೆ ಬೀಪ್ ಬರುತ್ತದೆ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಸ್ಪೀಕರ್‌ಗೆ ಮೂರು ಭಾಗದ ಸ್ಟೀರಿಯೋ ಪ್ಲಗ್ಗೇ ಆಗಬೇಕು. ಎರಡೇ ಭಾಗದ ಮೊನೋ ಪ್ಲಗ್ ಹಾಕಿದರೆ ಬಲಗಡೆಯ ದನಿ ನೇರ ಗ್ರೌಂಡಿಗೆ ಶಾರ್ಟ್ ಆಗುತ್ತದೆ.

ಮೈಕ್ ವಿಷಯ ಸ್ವಲ್ಪ ಸೂಕ್ಷ್ಮ. ಈ ಕಿಟ್‌ಗಳಲ್ಲಿರುವುದು ಎಲೆಕ್ಟ್ರೆಟ್ ಮೈಕ್, ನಮ್ಮ ರೇಡಿಯೋ ರಿಪೇರಿಯವರು ಕಂಡೆನ್ಸರ್ ಮೈಕ್ ಅನ್ನುವುದು. ಅದು ತಾನಾಗೇ ಕೆಲಸ ಮಾಡುವುದಿಲ್ಲ, ಒಳಗಿನ ಪುಟ್ಟ ಟ್ರಾನ್ಸಿಸ್ಟರಿಗೆ ಒಂದೆರಡು ವೋಲ್ಟ್ ಬೇಕು. ಆ ವೋಲ್ಟೇಜ್ ಅದೇ ಮೈಕ್ ವೈರಿನಲ್ಲೇ ಉಪಕರಣದಿಂದ ಬರಬೇಕು. ಬೆಸುಗೆ ಹಾಕುವ ಮೊದಲು ಖಾಲಿ 2.5 ಪ್ಲಗ್ ಒಂದನ್ನು ಸಿಕ್ಕಿಸಿ, ಝೂಮೊ ಆನ್ ಮಾಡಿ, ತುದಿಗೂ ಬುಡಕ್ಕೂ ಮೀಟರ್ ಹಿಡಿದು ನೋಡಿ. ವೋಲ್ಟೇಜ್ ಕಂಡರೆ ಅಲ್ಲಿಂದಲೇ ಮೈಕಿಗೆ ಅನ್ನ. ಮೈಕಿಗೂ ಪ್ಲಸ್ ಮೈನಸ್ ಇದೆ. ಅದರ ಹಿಂಭಾಗದಲ್ಲಿ ಎರಡು ಚುಕ್ಕಿ ಇರುತ್ತವೆ. ಯಾವುದು ಸುತ್ತಲಿನ ಲೋಹದ ಡಬ್ಬಿಗೆ ಗೆರೆಯ ಹಾಗೆ ಸೇರಿದೆಯೋ ಅದೇ ಗ್ರೌಂಡ್. ಉಲ್ಟಾ ಜೋಡಿಸಿದರೆ ಮೈಕ್ ಮೂಕ.

ಇನ್ನು ಹೆಲ್ಮೆಟ್ಟು. ಸ್ಪೀಕರ್ ಕೂರಿಸಲು ಒಳಗಿನ ಥರ್ಮೋಕೋಲ್ ಕೆತ್ತಬೇಡಿ, ಹೊರಗಿನ ಚಿಪ್ಪಿಗೆ ತೂತಂತೂ ಕೊರೆಯಲೇಬೇಡಿ. ಬಿದ್ದಾಗ ತಲೆ ಉಳಿಸುವುದು ಆ ಥರ್ಮೋಕೋಲೇ. ಒಳ್ಳೆಯ ಹೆಲ್ಮೆಟ್‌ಗಳಲ್ಲಿ ಕಿವಿಯ ಜಾಗದಲ್ಲಿ ಮೊದಲೇ ಗುಳಿ ಇರುತ್ತದೆ, ಅದರಲ್ಲಿ ಕೂರಿಸಿದರಾಯಿತು. ಜಾಗ ಮಾತ್ರ ಸರಿಯಾಗಿ ನೋಡಬೇಕು. ಸ್ಪೀಕರಿನ ನಡುಭಾಗ ಕಿವಿಯ ತೂತಿಗೆ ಎದುರು ಬರಬೇಕು. ಒಂದು ಬೆರಳಿನಷ್ಟು ಹಿಂದೆ ಹೋದರೂ ದನಿ ಅರ್ಧಕ್ಕೆ ಇಳಿದ ಹಾಗೆ ಅನಿಸುತ್ತದೆ. ವಾಲ್ಯೂಮ್ ಸಾಲದು ಅಂತ ದೂರುವವರಿಗೆ ನಾನು ಮೊದಲು ಹೇಳುವುದು, ಸ್ಪೀಕರನ್ನು ಮುಂದಕ್ಕೆ ತನ್ನಿ ಅಂತ. ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ, ಆದರೆ ಉಸಿರು ನೇರ ಬಡಿಯದ ಹಾಗೆ ಸ್ವಲ್ಪ ಓರೆಗೆ ಇಡಿ. ತೆಳು ಸ್ಪಂಜಿನ ಮೇಲೆ ಇನ್ನೊಂದು ದಪ್ಪ ಸ್ಪಂಜು ಹಾಕಿ.

ಹೆಲ್ಮೆಟ್ಟನ್ನೂ ಬೈಕನ್ನೂ ಸೇರಿಸುವ ಜಾಗ ಬಹಳ ಮುಖ್ಯ. ಹೆಲ್ಮೆಟ್ಟಿನಿಂದ ಒಂದು ಗಿಡ್ಡ ವೈರ್ ಬಂದು ಎದೆಯ ಮಟ್ಟದಲ್ಲಿ ಮುಗಿಯುತ್ತದೆ. ಮೌಂಟಿನಿಂದ ಸುರುಳಿ ವೈರ್ ಬಂದು ಅಲ್ಲೇ ಸೇರುತ್ತದೆ. ಈ ಎದೆಯ ಮಟ್ಟದ ಜೋಡಣೆ ಜಗ್ಗಿದರೆ ಬಿಡಬೇಕು. ಸ್ಕ್ರೂ ಇರುವ ಗಟ್ಟಿ ಕನೆಕ್ಟರ್ ಹಾಕಬಾರದು. ಕೆಸರಲ್ಲಿ ಜಾರಿ ಬಿದ್ದರೆ ಬೈಕ್ ಒಂದು ಕಡೆ, ನಾವು ಒಂದು ಕಡೆ ಹೋಗಬೇಕು. ನಡುವೆ ವೈರ್ ಹಿಡಿದುಕೊಂಡರೆ ಅದು ಕುತ್ತಿಗೆಗೆ ಬರುತ್ತದೆ. ಸಾದಾ ಪ್ಲಗ್ಗು ಸಾಕೆಟ್ಟೇ ಇಲ್ಲಿ ಸುರಕ್ಷಿತ. ಇಲ್ಲಿ ಮಾತ್ರ ನಾನು ನಾಲ್ಕು ಭಾಗದ 3.5 ಪ್ಲಗ್ಗನ್ನೇ ಹಾಕಿದ್ದೇನೆ, ಸ್ಪೀಕರ್ ಮೈಕ್ ಎರಡೂ ಒಂದರಲ್ಲೇ ಬರಲಿ ಅಂತ. ಆಚೆ ಮೌಂಟಿನ ತುದಿಯಲ್ಲಿ ಅದು 3.5, 2.5 ಅಂತ ಎರಡಾಗಿ ಒಡೆಯುತ್ತದೆ. ಬೈಕ್ ಇಳಿಯುವಾಗ ತೆಗೆಯಲು ಮರೆತರೂ ತಲೆ ತಿರುಗಿಸಿದಾಗ ಪುಳಕ್ ಅಂತ ಬಿಡುತ್ತದೆ, ಏನೂ ಮುರಿಯುವುದಿಲ್ಲ.

ಬೈಕಿನ ಕಡೆಯ ವೈರಿಂಗ್ ಸುಲಭ. ಮೌಂಟಿನಿಂದ ಬರುವ ಪವರ್ ವೈರನ್ನು ಫ್ಯೂಸ್ ಸಮೇತ ಬ್ಯಾಟರಿವರೆಗೆ ತಗೊಂಡು ಹೋಗಿ, ನಡುವೆ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್, ಹಾಕಿದೆ. ಕೀ ಹಾಕಿದಾಗ ಮಾತ್ರ ಕರೆಂಟ್. ಮೈನಸ್ಸನ್ನೂ ಬೈಕಿನ ಚಾಸಿಸ್‌ಗೆ ಕೊಡದೆ ನೇರ ಬ್ಯಾಟರಿಗೇ ಕೊಟ್ಟೆ. ಆಡಿಯೋ ವೈರನ್ನು ಇಗ್ನಿಷನ್ ಕಾಯಿಲ್, ಸ್ಪಾರ್ಕ್ ಪ್ಲಗ್ ವೈರ್ ಹತ್ತಿರ ಹಾಯಿಸಬಾರದು. ಹಾಯಿಸಿದರೆ ಎಂಜಿನ್ ತಿರುಗಿದ ಹಾಗೆ ಕಿವಿಯಲ್ಲಿ ಟಿಕ್ ಟಿಕ್ ಬರಬಹುದು. ವೈರಿಗೆ ಕೇಬಲ್ ಟೈ ಕಟ್ಟುವ ಮೊದಲು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಬೇಕು. ಇನ್ನೊಂದು, ವೈರ್ ಪ್ಲಗ್ಗಿಗೆ ಸೇರುವ ಮೊದಲು ಒಮ್ಮೆ ಕೆಳಗೆ ಇಳಿದು ಆಮೇಲೆ ಮೇಲೇರಬೇಕು. ಮಳೆ ನೀರು ವೈರಿನ ಗುಂಟ ಹರಿದು ಬಂದು ಆ ಇಳಿದ ಜಾಗದಲ್ಲೇ ತೊಟ್ಟಿಕ್ಕುತ್ತದೆ, ತೂತಿನೊಳಗೆ ಹೋಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಪ್ಲಗ್ಗಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರುತ್ತೇನೆ. ಜಿಪಿಎಸ್ ಕೂರುವ ಜಾಗದ ಪಿನ್ನುಗಳನ್ನು ಒಣಬಟ್ಟೆಯಲ್ಲಿ ಒರೆಸುತ್ತೇನೆ.

ಕುಂಯ್ ಅನ್ನುವ ಸದ್ದಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಆಕ್ಸಿಲರೇಟರ್ ಕೊಟ್ಟ ಹಾಗೆ ಏರುವ ಸದ್ದು ಅದು. ಎರಡು ಉಪಕರಣಗಳು ಬೈಕಿನ ಬ್ಯಾಟರಿಯಿಂದಲೇ ಕರೆಂಟ್ ತಗೊಂಡು, ಆಡಿಯೋ ವೈರಿನಿಂದಲೂ ಒಂದಕ್ಕೊಂದು ಸೇರಿದಾಗ ಗ್ರೌಂಡಿಗೆ ಎರಡು ದಾರಿ ಆಗುತ್ತದೆ. ಆ ಸುತ್ತಿನಲ್ಲಿ ಆಲ್ಟರ್ನೇಟರಿನ ಸದ್ದು ಸೇರಿಕೊಳ್ಳುತ್ತದೆ. ನನ್ನ ಜೋಡಣೆಯಲ್ಲಿ ಹೆಡ್‌ಸೆಟ್ಟಿಗೆ ಬೇರೆ ಕರೆಂಟೇ ಇಲ್ಲ, ಹಾಗಾಗಿ ಆ ಸದ್ದೂ ಇಲ್ಲ. ಹೆಲ್ಮೆಟ್ಟಿಗೆ ಆಂಪ್ಲಿಫೈಯರ್ ಹಾಕಿ ಅದನ್ನೂ ಬೈಕಿನ ಬ್ಯಾಟರಿಗೆ ಕೊಡುವವರು ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿಕೊಳ್ಳಿ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ, ಕಾರ್ ಸ್ಟೀರಿಯೋ ಅಂಗಡಿಯಲ್ಲಿ ಸಿಗುತ್ತದೆ.

ಓಡಿಸಿದಾಗ ಹೇಗಿದೆ? ಎಸ್ಟೇಟ್ ರಸ್ತೆಯಲ್ಲಿ, ಘಟ್ಟದ ತಿರುವುಗಳಲ್ಲಿ, 40ರ ಆಸುಪಾಸಿನಲ್ಲಿ ಎರಡೂ ಕಡೆ ಮಾತು ಮನೆಯಲ್ಲಿ ಕೂತು ಆಡಿದಷ್ಟು ಸ್ಪಷ್ಟ. ಅರವತ್ತೆರಡು ಅರವತ್ತೆರಡಾಗೇ ಕೇಳುತ್ತದೆ. 60 ದಾಟಿದ ಮೇಲೆ ನನಗೆ ಅವರ ಮಾತು ಕೇಳುತ್ತದೆ, ನನ್ನ ಮಾತು ಅವರಿಗೆ ಗಾಳಿಯಲ್ಲಿ ಮುಳುಗುತ್ತದೆ. ಹೆದ್ದಾರಿಯಲ್ಲಿ 80ರಲ್ಲಿ ಮೈಕನ್ನು ಮರೆತುಬಿಡಿ. ದಾರಿ ಹೇಳುವ ದನಿ ಮಾತ್ರ ಅಲ್ಲೂ ಚೆನ್ನಾಗಿ ಕೇಳುತ್ತದೆ. ಫೋಮಿನ ಇಯರ್‌ಪ್ಲಗ್ ಹಾಕಿಕೊಂಡರೆ ಇನ್ನೂ ಚೆನ್ನ. ಕಿವಿ ಮುಚ್ಚಿಕೊಂಡರೆ ಹೇಗೆ ಕೇಳುತ್ತದೆ ಅನಿಸಬಹುದು. ಇಯರ್‌ಪ್ಲಗ್ಗು ಗಾಳಿಯ ಭೋರ್ಗರೆತವನ್ನು ತಗ್ಗಿಸುತ್ತದೆ, ಕಿವಿಯ ಪಕ್ಕದಲ್ಲೇ ಇರುವ ಸ್ಪೀಕರಿನ ಮಾತು ಅದರಾಚೆಗೂ ಬರುತ್ತದೆ. ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿ ಸದ್ದು ಕಿವಿಗೆ ಹಾನಿ ಮಾಡುವಷ್ಟಿರುತ್ತದೆ, ಅದಕ್ಕಾದರೂ ಹಾಕಿಕೊಳ್ಳಿ. ಜೋರು ಮಳೆ ಹೆಲ್ಮೆಟ್ ಮೇಲೆ ಬಡಿಯುವಾಗ ಮಾತ್ರ ಎಲ್ಲವೂ ಕಷ್ಟ, 30ರಲ್ಲಿದ್ದರೂ.

ಫೋನ್ ಬಂದರೆ ಎತ್ತಿ, "ತಡೀರಿ, ನಿಲ್ಲಿಸ್ತೀನಿ" ಅಂದು ಬದಿಗೆ ಹಾಕುತ್ತೇನೆ. ಓಡಿಸುತ್ತಾ ಉದ್ದುದ್ದ ಮಾತಾಡುವುದು ಬೇಡ. ಚಾರ್ಮಾಡಿಯಂಥ ಕಡೆ ನಿಲ್ಲಿಸಲೂ ಜಾಗ ಇರುವುದಿಲ್ಲ, ಅಲ್ಲಿ ಎತ್ತುವುದೇ ಇಲ್ಲ. ಆದರೆ ನಿಲ್ಲಿಸಿದ ಮೇಲೆ ರೇನ್‌ಕೋಟ್ ಬಿಚ್ಚಬೇಕಿಲ್ಲ, ಗ್ಲೌಸ್ ತೆಗೆಯಬೇಕಿಲ್ಲ, ಒದ್ದೆ ಕೈಯಲ್ಲಿ ಫೋನ್ ಮುಟ್ಟಬೇಕಿಲ್ಲ. ಮಳೆಯಲ್ಲಿ ನಿಂತುಕೊಂಡೇ ಬೆಲ್ಟ್ ನಂಬರ್ ಕೇಳಿ ಮತ್ತೆ ಹೊರಡಬಹುದು. ಕೈಯಲ್ಲಿ ಹಿಡಿಯುವ ಉಪಕರಣವನ್ನು ದಾರಿ ನೋಡಲು ಮಾತ್ರ, ಅದೂ ಗಮನ ಕೆಡದ ಹಾಗೆ ಬಳಸಬಹುದು ಅಂತ 2020ರ ಅಕ್ಟೋಬರಿನಿಂದ ಕೇಂದ್ರದ ಮೋಟಾರು ವಾಹನ ನಿಯಮ ಹೇಳುತ್ತದೆ. ಮಾತಿಗೆ ಆ ವಿನಾಯಿತಿ ಇಲ್ಲ. ವಾಲ್ಯೂಮನ್ನೂ ಹಿಂದಿನ ಲಾರಿಯ ಹಾರ್ನ್ ಕೇಳುವಷ್ಟಕ್ಕೇ ಇಡಿ.

ಹಾಡಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕಾರ್ಡಿನಲ್ಲಿ ಎಂಪಿ3 ಹಾಕಿದರೆ ಹಾಡುತ್ತದೆ, ತಿರುವು ಬಂದಾಗ ಹಾಡು ತಗ್ಗಿ ದಾರಿಯ ಮಾತು ಬರುತ್ತದೆ.

ಹಳೆಯ ಝೂಮೊ ಹುಡುಕಿ ತಗೊಳ್ಳುವವರು ಬರೀ ಪರದೆ ನೋಡಿ ದುಡ್ಡು ಕೊಡಬೇಡಿ. ಬೈಕ್ ಮೌಂಟ್ ಜೊತೆಗಿದೆಯಾ ಕೇಳಿ, ಅದಿಲ್ಲದೆ ವೈರ್ ಹೆಡ್‌ಸೆಟ್ ಮಾತೇ ಇಲ್ಲ. ಹೋಗುವಾಗ ಜೇಬಿನಲ್ಲಿ ಒಂದು ಸಾದಾ 3.5 ಇಯರ್‌ಫೋನ್, ಒಂದು ಮಲ್ಟಿಮೀಟರ್, ಒಂದು ಖಾಲಿ 2.5 ಪ್ಲಗ್ ಇಟ್ಟುಕೊಳ್ಳಿ. ಮೌಂಟಿಗೆ 12 ವೋಲ್ಟ್ ಕೊಟ್ಟು ಜಿಪಿಎಸ್ ಕೂರಿಸಿ, ಇಯರ್‌ಫೋನಿನಲ್ಲಿ ಎರಡೂ ಕಿವಿಗೆ ದನಿ ಬರುತ್ತದಾ ನೋಡಿ. ಜಿಪಿಎಸ್ಸನ್ನು ಮೌಂಟಿನಲ್ಲೇ ಸ್ವಲ್ಪ ಅಲ್ಲಾಡಿಸಿ, ಕರಕರ ಅಂದರೆ ಪಿನ್ ಸವೆದಿದೆ ಅಥವಾ ಕೊಳೆಯಾಗಿದೆ. 2.5 ತೂತಿನಲ್ಲಿ ವೋಲ್ಟೇಜ್ ಇದೆಯಾ ಅಳೆಯಿರಿ. ತೂತುಗಳ ಒಳಗೆ ಟಾರ್ಚ್ ಬಿಟ್ಟು ಹಸಿರು ಕಿಲುಬು ಇದೆಯಾ ನೋಡಿ. ಇಷ್ಟು ಸರಿಯಿದ್ದರೆ ಪರದೆಯ ಮೇಲೆ ಗೀರಿದ್ದರೂ ಪರವಾಗಿಲ್ಲ, ತಗೊಳ್ಳಿ. ಪ್ಲಗ್ಗುಗಳನ್ನು ಮಾತ್ರ ಒಂದರ ಬದಲು ಎರಡೆರಡು ತನ್ನಿ, ಒಂದು ಜೋಡಿ ವೈರ್ ಮಾಡಿ ಟೂಲ್ ಪೆಟ್ಟಿಗೆಯಲ್ಲಿ ಇಟ್ಟಿರಿ.